ವೀರಗಲ್ಲು ಮತ್ತು ನೆತ್ತರುಗೊಡಗೆ



ನಮ್ಮ ಹಳ್ಳಿಗಳ ಕೆರೆಯ ಏರಿಯ ಮೇಲೆ, ಗುಡಿಯ ಮುಂದೆ ನಿಂತ ವೀರಗಲ್ಲುಗಳನ್ನು ತಾವೆಲ್ಲರೂ ಕಂಡಿದ್ದೀರಿ. ಕಾಳಗದಲ್ಲಿ ಮಡಿದವನಿಗೆ ಕಲ್ಲು ನಿಲ್ಲಿಸಿದ ನಮ್ಮ ಹಿರಿಯರು ಅಲ್ಲಿಗೇ ಸುಮ್ಮನಾಗಲಿಲ್ಲ. ಅವನ ಮನೆಯವರ ಬದುಕಿಗೆಂದು ಭೂಮಿಯನ್ನೂ ಬಿಟ್ಟುಕೊಟ್ಟರು. ಶಾಸನಗಳು ಅದನ್ನು ನೆತ್ತರುಗೊಡಗೆ ಎಂದು ಕರೆಯುತ್ತವೆ. ಕಲ್ಲು ಸತ್ತವನಿಗೆ, ಮಣ್ಣು ಉಳಿದವರಿಗೆ. ಪರದೇಶದಿಂದ ಬಂದು ಸೈನ್ಯ ಸೇರಿದವನು ತೀರಿಕೊಂಡಾಗ ಅವನ ಮನೆಯವರಿಗೆ ಏನಾಗುತ್ತದೆ ಎಂಬ ಇಂದಿನ ವಿಷಯವನ್ನು ನಾನು ಈ ಹಳೆಯ ಪದ್ಧತಿಯ ಬೆಳಕಿನಲ್ಲಿಯೇ ನೋಡಬಯಸುತ್ತೇನೆ.

ಅಮೆರಿಕಾ ದೇಶವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಲ್ಲಿಯ ಸೈನ್ಯ ಸೇರಲು ಆ ದೇಶದ ಪೌರನೇ ಆಗಿರಬೇಕೆಂಬ ನಿರ್ಬಂಧವಿಲ್ಲ. ಕಾಯಂ ವಾಸದ ಅನುಮತಿ, ಅಂದರೆ ಗ್ರೀನ್ ಕಾರ್ಡ್, ಇದ್ದರೂ ಸೇರಬಹುದು. ಆದರೆ ಸಮವಸ್ತ್ರ ತೊಟ್ಟ ಮಾತ್ರಕ್ಕೆ ಪೌರತ್ವ ತಾನಾಗಿ ಬರುವುದಿಲ್ಲ. ಅರ್ಜಿ ಸಲ್ಲಿಸಿ ಪಡೆಯಬೇಕು. ಅರ್ಜಿಗಿಂತ ಮುಂಚೆ ಗುಂಡು ತಗುಲಿದರೆ?

ಹೋಸೆ ಆಂಟೋನಿಯೊ ಗುಟಿಯೆರೆಸ್ ಎಂಬಾತ ಗ್ವಾಟೆಮಾಲಾ ದೇಶದಲ್ಲಿ ಬೀದಿಯ ಪಾಲಾಗಿ ಬೆಳೆದ ಅನಾಥ. ಹೇಗೋ ಅಮೆರಿಕಾ ತಲುಪಿ, ಮರೀನ್ ಪಡೆ ಸೇರಿದ. ಇರಾಕ್ ಯುದ್ಧ ಆರಂಭವಾದೊಡನೆಯೇ, 2003ರ ಮಾರ್ಚ್ 21ರಂದು, ಉಮ್ ಕಸರ್ ಬಳಿ ಮಡಿದ. ತಗುಲಿದ್ದು ಸ್ವಪಕ್ಷದ ಗುಂಡು. ಮರುತಿಂಗಳು ಅವನಿಗೆ ಅಮೆರಿಕಾದ ಪೌರತ್ವ ದೊರೆಯಿತು. ದೇಹ ಮಾತ್ರ ಗ್ವಾಟೆಮಾಲಾಕ್ಕೆ ಮರಳಿ, ಅಲ್ಲಿಯ ಮಣ್ಣು ಸೇರಿತು.

ಮೃತ ಯೋಧನಿಗೆ ಹೀಗೆ ಪೌರತ್ವ ನೀಡುವ ಶಾಸನ ಬಂದದ್ದು 1990ರಲ್ಲಿ. ಆದರೆ ಅದು ಬರಿಯ ಗೌರವವಾಗಿತ್ತು. ಅದರ ಆಧಾರದ ಮೇಲೆ ಹೆಂಡತಿಗಾಗಲಿ ಮಕ್ಕಳಿಗಾಗಲಿ ಆ ದೇಶದಲ್ಲಿ ನೆಲೆಸುವ ಹಕ್ಕು ಹುಟ್ಟುತ್ತಿರಲಿಲ್ಲ. ವೀರಗಲ್ಲು ಇತ್ತು, ನೆತ್ತರುಗೊಡಗೆ ಇರಲಿಲ್ಲ. 2003ರ ನವೆಂಬರ್‌ನಲ್ಲಿ ಶಾಸನ ತಿದ್ದುಪಡಿಯಾಯಿತು. ಯುದ್ಧದಲ್ಲಿ ಆದ ಗಾಯದಿಂದಲೋ ರೋಗದಿಂದಲೋ ಮಡಿದವನ ಪತ್ನಿ, ಮಕ್ಕಳು, ತಂದೆತಾಯಿಗಳು ಪೌರನ ನಿಕಟ ಬಂಧುಗಳೆಂಬ ನೆಲೆಯಲ್ಲಿ ಕಾಯಂ ವಾಸಕ್ಕೆ ಅರ್ಜಿ ಸಲ್ಲಿಸಬಹುದೆಂದಾಯಿತು. ಮೃತನಿಗೆ ಪೌರತ್ವ ಕೇಳಲು ಮರಣದಿಂದ ಎರಡು ವರ್ಷಗಳ ಗಡುವುಂಟು. ದುಃಖಕ್ಕೆ ಗಡುವಿಲ್ಲ, ಕಾಗದಕ್ಕೆ ಇದೆ.

ಹಣದ ಮಾತು ಬೇರೆ. ಸೇವೆಯಲ್ಲಿರುವಾಗಲೇ ಮಡಿದವನ ಕುಟುಂಬಕ್ಕೆ ಒಂದು ಲಕ್ಷ ಡಾಲರ್ ಕೊಡುವ ಕ್ರಮವುಂಟು. ಆತ ಪೌರನೇ ಎಂದು ಅಲ್ಲಿ ಕೇಳುವುದಿಲ್ಲ. ಆ ನೆಲದಲ್ಲಿ ಉಳಿಯಬಹುದೇ ಎಂಬ ಪ್ರಶ್ನೆ ಬಂದಾಗಲೇ ಕಾನೂನು ಬಿಗಿಯಾಗುತ್ತದೆ. ಯೋಧ ಹುಟ್ಟಿನಿಂದಲೇ ಪೌರನಾಗಿದ್ದರೂ ಪತ್ನಿ ಪರದೇಶದವಳಾದರೆ ಇದೇ ಪಾಡಾಗಬಹುದು. 2008ರಲ್ಲಿ ಇರಾಕ್‌ನಲ್ಲಿದ್ದ ಒಬ್ಬ ಮರೀನ್ ಯೋಧ, ಜಪಾನಿನ ಒಕಿನಾವಾದಲ್ಲಿದ್ದ ತನ್ನ ಪ್ರೇಯಸಿಯನ್ನು ದೂರವಾಣಿಯ ಮೂಲಕ ವಿವಾಹವಾದ. ಆಕೆ ಆಗ ಗರ್ಭಿಣಿ. ತಿಂಗಳೊಂದು ಕಳೆಯುವಷ್ಟರಲ್ಲಿ ಆತ ಹತನಾದ. ಸೈನ್ಯ ಆ ವಿವಾಹವನ್ನು ಮನ್ನಿಸಿತು. ವಲಸೆಯ ಕಾನೂನು ಮನ್ನಿಸಲಿಲ್ಲ. ವಧೂವರರು ಎದುರೆದುರು ಇಲ್ಲದೆ ನಡೆದ ಮದುವೆಯಾದರೆ, ಆ ಬಳಿಕ ಅವರ ದೈಹಿಕ ಮಿಲನ ನಡೆದಿರಬೇಕೆಂದು 1952ರ ಶಾಸನ ಹೇಳುತ್ತದೆ. ಮಗುವನ್ನು ಗಂಡನ ತೌರಾದ ಟೆನೆಸಿಯಲ್ಲಿ ಬೆಳೆಸಬೇಕೆಂದಿದ್ದ ಆ ತಾಯಿಗಾಗಿ 2010ರ ಡಿಸೆಂಬರ್‌ನಲ್ಲಿ ಸಂಸತ್ತು ಪ್ರತ್ಯೇಕ ಶಾಸನವನ್ನೇ ಮಾಡಬೇಕಾಯಿತು. ಒಬ್ಬ ವಿಧವೆಗಾಗಿ ಸಂಸತ್ತು ಕೂಡಿತೆಂದು ಸಂತೋಷಪಡೋಣ. ಆದರೆ ಎಲ್ಲ ವಿಧವೆಯರ ಕೂಗು ಸಂಸತ್ತಿನವರೆಗೆ ಮುಟ್ಟೀತೆ?

ಇನ್ನೊಂದು ವಿಪರ್ಯಾಸವನ್ನು ಹೇಳಲೇಬೇಕು. ಸೇವೆ ಮುಗಿಸಿದ ಮೇಲೆ ಯಾವುದೋ ಅಪರಾಧಕ್ಕೆ ಶಿಕ್ಷೆ ಅನುಭವಿಸಿ, ಪೌರತ್ವವಿಲ್ಲದ ಕಾರಣ ಗಡೀಪಾರಾದ ಮಾಜಿ ಯೋಧರು ಮೆಕ್ಸಿಕೋದ ಟಿಹುವಾನಾ ಮುಂತಾದ ಕಡೆ ಇದ್ದಾರೆ. ಸೈನ್ಯದಿಂದ ಗೌರವದ ಬಿಡುಗಡೆ ಪಡೆದಿದ್ದವರಿಗೆ ಸತ್ತ ಮೇಲೆ ಅಮೆರಿಕಾದ ರಾಷ್ಟ್ರೀಯ ಸ್ಮಶಾನದಲ್ಲಿ ಸೈನಿಕ ಮರ್ಯಾದೆಯೊಡನೆ ಸಮಾಧಿ ದೊರೆಯಬಹುದು. ಉಸಿರಿರುವಾಗ ಮುಚ್ಚಿದ ಬಾಗಿಲು ಶವಪೆಟ್ಟಿಗೆಗೆ ತೆರೆಯುತ್ತದೆ. ಅವರ ಅಪರಾಧವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅದೇ ತಪ್ಪಿಗೆ ಪೌರನಾದವನು ಶಿಕ್ಷೆ ಮುಗಿಸಿ ಮನೆಗೆ ಹೋಗುತ್ತಾನೆ. ಇವನು ಮನೆಯನ್ನೇ ಕಳೆದುಕೊಳ್ಳುತ್ತಾನೆ, ಇವನೊಡನೆ ಇವನ ಮಕ್ಕಳು ತಂದೆಯನ್ನು ಕಳೆದುಕೊಳ್ಳುತ್ತಾರೆ.

ಹಾಗಾದರೆ ನೆರವು ಎಂದರೇನು? 1992ರಲ್ಲಿ ಅಲಾಸ್ಕಾದ ವಿಮಾನ ದುರಂತದಲ್ಲಿ ಸೇನಾಧಿಕಾರಿಯಾದ ಪತಿಯನ್ನು ಕಳೆದುಕೊಂಡ ಬಾನಿ ಕ್ಯಾರಲ್ ಎಂಬ ಮಹಿಳೆ, 1994ರಲ್ಲಿ 'ಟ್ಯಾಪ್ಸ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ನೊಂದವರಿಗೆ ನೊಂದವರೇ ಆಸರೆಯಾಗಬೇಕೆಂಬುದು ಅದರ ತತ್ತ್ವ. ಪರದೇಶದಿಂದ ಬಂದ ಕುಟುಂಬಕ್ಕಂತೂ ಈ ಆಸರೆ ಎರಡು ಪಟ್ಟು ಬೇಕು. ಬಿಡುಗಡೆಯ ಪತ್ರ, ಮದುವೆಯ ದಾಖಲೆ, ಮಕ್ಕಳ ಜನನ ಪತ್ರ ಇವನ್ನೆಲ್ಲ ಹುಡುಕಿಕೊಡುವವರು ಬೇಕು. ಕಚೇರಿಯ ಭಾಷೆಯನ್ನು ಮನೆಯ ಭಾಷೆಯಲ್ಲಿ ತಿಳಿಸಿ ಹೇಳುವವರು ಬೇಕು. ದೂರದ ಊರಿನಲ್ಲಿರುವ ಮುಪ್ಪಿನ ತಂದೆತಾಯಿಗಳಿಗೆ, 'ನಿಮಗೂ ಹಕ್ಕುಂಟು, ಕಾಲ ಮೀರುವ ಮುನ್ನ ಕೇಳಿ' ಎಂದು ಸುದ್ದಿ ಮುಟ್ಟಿಸುವವರು ಬೇಕು.

ಶವಪೆಟ್ಟಿಗೆಯ ಮೇಲಿನ ಧ್ವಜವನ್ನು ಮಡಿಚಿ ವಿಧವೆಯ ಕೈಗಿಡುವುದು ಗೌರವದ ಕೆಲಸವೇ. ಆದರೆ ಆ ಧ್ವಜವನ್ನು ಇಟ್ಟುಕೊಳ್ಳಲು ಆಕೆಗೊಂದು ಮನೆ ಅದೇ ನೆಲದಲ್ಲಿ ಇರಬೇಕು. ಕಲ್ಲು ನಿಲ್ಲಿಸಿದವರು ಮಣ್ಣನ್ನೂ ಕೊಡಬೇಕೆಂದು ನಮ್ಮ ಹಿರಿಯರು ಅರಿತಿದ್ದರು. ಆ ಅರಿವು ಎಲ್ಲ ದೇಶಗಳಿಗೂ ಬರಲೆಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.