ಕಡಲಿನ ತಿಂಗಳ ಲೆಕ್ಕ

ವಾಯುಮಂಡಲದ ಮಾದರಿಯೆಂದರೆ ಗಾಳಿಯ ಚಲನೆ, ಶಾಖ, ತೇವ ಇವುಗಳ ಸಮೀಕರಣಗಳನ್ನು ಗಣಕಯಂತ್ರದಲ್ಲಿ ಹೆಜ್ಜೆಹೆಜ್ಜೆಯಾಗಿ ಬಿಡಿಸುವ ಏರ್ಪಾಡು. ಆದರೆ ಗಾಳಿಯ ಕೆಳಗೆ ಕಡಲಿದೆಯಷ್ಟೆ. ಗಾಳಿಯೊಂದನ್ನೇ ಪರೀಕ್ಷಿಸಬೇಕಾದಾಗ ಕಡಲನ್ನು ಲೆಕ್ಕ ಹಾಕುವ ಗೋಜಿಗೆ ಹೋಗುವುದಿಲ್ಲ. ಅಳೆದು ತಿಳಿದಿರುವ ಅದರ ಮೇಲ್ಮೈಯ ಉಷ್ಣತೆಯನ್ನೂ ಮಂಜುಗಡ್ಡೆಯ ಹರವನ್ನೂ ಒಂದು ಕಡತದಲ್ಲಿ ಬರೆದು ಮಾದರಿಯ ಕೈಗಿಡುತ್ತಾರೆ. ಇದೇ ‘ಬೌಂಡರಿ ಕಂಡಿಷನ್’. ಮೇರೆಯ ನಿಬಂಧನೆ ಎನ್ನೋಣ. ಗಡಿಯೆಂದರೆ ಜಗಳದ ನೆನಪಾಗುತ್ತದೆ.

‘ಅಮಿಪ್’ ಎಂಬ ಅಂತರರಾಷ್ಟ್ರೀಯ ಯೋಜನೆ ಹುಟ್ಟಿದ್ದು ಹೀಗೆ. ಹಲವು ದೇಶಗಳ ಮಾದರಿಗಳಿಗೆ 1979ರಿಂದ 1988ರವರೆಗಿನ ಒಂದೇ ಕಡಲನ್ನು ಮೊದಲು ಕೊಟ್ಟರು. ಪ್ರಶ್ನೆಪತ್ರಿಕೆ ಒಂದೇ ಆಗಿದ್ದರೆ ತಾನೆ ಅಂಕಗಳನ್ನು ಹೋಲಿಸುವುದು?

ಆ ಪ್ರಶ್ನೆಪತ್ರಿಕೆಯಲ್ಲಿಯೇ ಒಂದು ತೊಡಕು ಅಡಗಿದೆ. ಕಡತಕ್ಕೆ ಆಧಾರ ತಿಂಗಳ ಸರಾಸರಿಗಳು. ಮಾದರಿಗೆ ಬೇಕಾದದ್ದು ದಿನದಿನದ ಉಷ್ಣತೆ. ಸರಾಸರಿಯನ್ನು ತಿಂಗಳ ನಡುವಿನ ದಿನಕ್ಕೆ ಇಟ್ಟು, ಒಂದರಿಂದ ಇನ್ನೊಂದಕ್ಕೆ ಸರಳರೇಖೆ ಎಳೆದರಾಯಿತು ಎನ್ನುವಿರಿ. ಎಳೆದು ನೋಡಿ. ಮೇ 28 ಡಿಗ್ರಿ, ಜೂನ್ 30, ಜುಲೈ 28 ಎಂದಿರಲಿ. ಜೂನ್ ನಡುವೆ 30 ಇದ್ದದ್ದು ತಿಂಗಳ ಎರಡು ತುದಿಗಳಲ್ಲಿಯೂ 29ಕ್ಕೆ ಇಳಿಯುತ್ತದೆ. ಆ ರೇಖೆಯ ಮೇಲೆ ಜೂನಿನ ಸರಾಸರಿ ಇಪ್ಪತ್ತೊಂಬತ್ತೂವರೆ! ಅಳೆದ ಅರ್ಧ ಡಿಗ್ರಿ ಎಲ್ಲಿ ಹೋಯಿತು? ಶಿಖರಗಳೆಲ್ಲ ಹೀಗೆ ತಗ್ಗುತ್ತವೆ, ಕಣಿವೆಗಳೆಲ್ಲ ತುಂಬಿಕೊಳ್ಳುತ್ತವೆ. ಉಷ್ಣವಲಯದ ಕಡಲಿನಲ್ಲಿ ಮೋಡ ಏಳುವುದಕ್ಕೆ ಅರ್ಧ ಡಿಗ್ರಿ ಅಲ್ಪವಲ್ಲ. ತಪ್ಪು ಕಡತದ್ದು, ಅಪವಾದ ಮಾತ್ರ ಮಾದರಿಗೆ.

2000ದಲ್ಲಿ ಟೇಲರ್, ವಿಲಿಯಮ್ಸನ್, ಜ್ವಿಯರ್ಸ್ ಎಂಬ ಮೂವರು ಅಮಿಪ್‌ನ ಎರಡನೆಯ ಹಂತಕ್ಕಾಗಿ ಇದರ ಪರಿಹಾರವನ್ನು ವಿವರಿಸಿದರು. ತಿಂಗಳ ನಡುವಿನ ಸಂಖ್ಯೆಯನ್ನು ಬೇಕೆಂದೇ ಬದಲಿಸಿ, ರೇಖೆ ಎಳೆದ ಮೇಲೆ ಅಳತೆಯ ಸರಾಸರಿಯೇ ಮರಳಿ ಬರುವಂತೆ ಮಾಡುವುದು. ಮೇಲಿನ ಲೆಕ್ಕದಲ್ಲಿ ಅಕ್ಕಪಕ್ಕದ ನಡುಸಂಖ್ಯೆಗಳು 28ರಲ್ಲಿಯೇ ನಿಂತರೆ ಜೂನಿಗೆ ಸುಮಾರು 30.67 ಬೇಕು. ಆದರೆ ಅವು ನಿಲ್ಲುವುದಿಲ್ಲ. ಜೂನನ್ನು ಎತ್ತಿದರೆ ಮೇ, ಜುಲೈಗಳೂ ಅಲುಗುತ್ತವೆ. ಆದ್ದರಿಂದ ಎಲ್ಲ ತಿಂಗಳುಗಳ ಸಮೀಕರಣಗಳನ್ನೂ ಒಟ್ಟಿಗೇ ಬಿಡಿಸಬೇಕು. ಮೊದಲ ಮತ್ತು ಕೊನೆಯ ತಿಂಗಳುಗಳಿಗೂ ನೆರೆಯವರು ಬೇಕಾದ್ದರಿಂದ ಅವಧಿಯ ಆಚೀಚೆ ಕೆಲವು ತಿಂಗಳುಗಳನ್ನು ಸೇರಿಸಿಕೊಳ್ಳಬೇಕು.

ಮಂಜುಗಡ್ಡೆಯದು ಇನ್ನೂ ಸೋಜಿಗ. ಕಡಲಿನ ಒಂದು ತುಣುಕಿನಲ್ಲಿ ಗಡ್ಡೆ ಶೇಕಡ 0ಯಿಂದ 100ರೊಳಗೆ ಇರಬೇಕಷ್ಟೆ. ಸರಿಪಡಿಸಿದ ಕಡತವನ್ನು ತೆರೆದರೆ 100ಕ್ಕೆ ಮಿಗಿಲಾದ, 0ಗಿಂತ ಕಡಮೆಯಾದ ಸಂಖ್ಯೆಗಳೂ ಸಿಗುವುದುಂಟು! ಹೊಸಬರು ಕೂಡಲೇ ಅವನ್ನು ತಿದ್ದಹೊರಡುತ್ತಾರೆ. ತಿದ್ದಬಾರದು. ಮೊದಲು ದಿನದಿನದ ರೇಖೆ ಎಳೆಯಬೇಕು, ಅನಂತರ ಮೇರೆ ಮೀರಿದ ಭಾಗವನ್ನು ಕತ್ತರಿಸಬೇಕು. ಕ್ರಮ ತಿರುವುಮುರುವಾದರೆ ಸರಾಸರಿ ಮತ್ತೆ ಕೆಡುತ್ತದೆ. ಉಷ್ಣತೆಗೂ ಇದೇ ವಿಧಿ. ಅಲ್ಲಿ ಕೆಳಗಿನ ಮೇರೆ ಕಡಲ ನೀರು ಹೆಪ್ಪುಗಟ್ಟುವ ಸುಮಾರು ಸೊನ್ನೆಯ ಕೆಳಗೆ 1.8 ಡಿಗ್ರಿ.

ಈ ಕಡತಗಳು ಜೋಡಿಯಾಗಿ ಬರುತ್ತವೆ: ಅಳೆದ ಸರಾಸರಿಯದು ಒಂದು, ಸರಿಪಡಿಸಿದ ನಡುಸಂಖ್ಯೆಗಳದು ಇನ್ನೊಂದು. ಹೆಸರಿನಲ್ಲಿ ನಾಲ್ಕಾರು ಅಕ್ಷರಗಳ ಅಂತರ, ಅಷ್ಟೆ. ಮಾದರಿಗೆ ಉಣಿಸಬೇಕಾದದ್ದು ಎರಡನೆಯದು. ಮೊದಲನೆಯದು ಫಲಿತಾಂಶ ಬಂದ ಮೇಲೆ ತಾಳೆ ನೋಡುವುದಕ್ಕೆ.