ಸಂಘಗಳ ಕೈಗೆ ಊರಿನ ಸೇವೆ
(ಸಹಕಾರ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಊರಿಗೆ ದೀಪ ಬೇಕು, ನೀರು ಬೇಕು. ಓಣಿಯ ಕಸ ಹೊರಗೆ ಹೋಗಬೇಕು. ಒಕ್ಕಲಿಗನಿಗೆ ಬಿತ್ತುವ ಕಾಲಕ್ಕೆ ಹಣ ಒದಗಬೇಕು. ಇವನ್ನು ಪೂರೈಸತಕ್ಕವರು ಯಾರು ಎಂದು ಕೇಳಿದರೆ ನಮ್ಮಲ್ಲಿ ಎರಡೇ ಉತ್ತರಗಳು ರೂಢಿಯಾಗಿವೆ. ಸರಕಾರವೆಂಬುದು ಒಂದು, ಗುತ್ತಿಗೆದಾರನೆಂಬುದು ಇನ್ನೊಂದು. ಇವೆರಡರ ನಡುವೆ ಮೂರನೆಯ ದಾರಿಯೊಂದುಂಟು. ಸೇವೆ ಪಡೆಯುವವರೇ ಕೂಡಿ, ಭಾಂಡವಲು ಹಾಕಿ, ಲೆಕ್ಕ ಇಟ್ಟು ಆ ಸೇವೆಯನ್ನು ನಡೆಸುವ ದಾರಿ. ಈ ದಾರಿಯನ್ನು ಹೊಸದೆಂದು ಈಗ ಎಲ್ಲೆಡೆಯಲ್ಲಿ ಕೊಂಡಾಡುತ್ತಿರುವರು. ಕನ್ನಡ ನಾಡಿಗೆ ಅದು ಹೊಸದಲ್ಲ.

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯು ಹೊರಟಿತು. ಮರುವರ್ಷವೇ, ಅಂದರೆ 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲಿಗರನ್ನು ಕೂಡಿಸಿ ಒಂದು ಸಂಘವನ್ನು ಕಟ್ಟಿದರು. ಆ ಕಾಯಿದೆಯ ಕೆಳಗೆ ಹಿಂದೂಸ್ಥಾನದಲ್ಲಿ ಹುಟ್ಟಿದ ಮೊದಲನೆಯ ಒಕ್ಕಲುತನದ ಪತ್ತಿನ ಸಂಘವೆಂಬ ಹೆಸರು ಅದಕ್ಕೆ ಸಂದಿದೆ. ಅಂದು ಆ ಊರು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು. 1909ರಲ್ಲಿ ಮದ್ರಾಸು ಇಲಾಖೆಗೆ ಸೇರಿದ್ದ ಪುತ್ತೂರಿನಲ್ಲಿ ವಕೀಲರಾದ ಮೊಳಹಳ್ಳಿ ಶಿವರಾಯರು ಇದೇ ಕೆಲಸಕ್ಕೆ ಕೈಹಾಕಿದರು. ಮೈಸೂರು ಸಂಸ್ಥಾನವು ತನ್ನದೇ ಆದ ಸಹಕಾರ ಕಾಯಿದೆಯನ್ನು 1905ರಲ್ಲಿಯೇ ಮಾಡಿಕೊಂಡಿತ್ತು. ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕಾಲದಲ್ಲಿ, ಒಬ್ಬರ ಅಪ್ಪಣೆಗೆ ಇನ್ನೊಬ್ಬರು ಕಾಯದೆ, ಕನ್ನಡಿಗರು ಒಂದೇ ಬಗೆಯ ಕೆಲಸವನ್ನು ಮಾಡುತ್ತಿದ್ದರೆಂಬುದನ್ನು ಏಕೀಕರಣದ ಅಭಿಮಾನಿಗಳಾದ ನಾವು ಮರೆಯಲಾಗದು. 1956ರಲ್ಲಿ ನಾಡು ಒಂದುಗೂಡಿದ ಮೇಲೆ, ಪ್ರಾಂತಕ್ಕೊಂದರಂತೆ ಇದ್ದ ಸಹಕಾರ ಕಾಯಿದೆಗಳ ಸ್ಥಾನದಲ್ಲಿ 1959ರ ಒಂದೇ ಕಾಯಿದೆಯು ಬಂದಿತು.

ಕಣಗಿನಹಾಳದ ಹೆಸರನ್ನು ಹೇಳಿ ಚಪ್ಪಾಳೆ ತಟ್ಟಿ ಮನೆಗೆ ಹೋಗುವದು ಸುಲಭ. ಆದರೆ ಮುಂದಿನ ಲೆಕ್ಕವನ್ನೂ ನೋಡಬೇಕು. 1951-52ರಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಸಾಲದ ಸಮೀಕ್ಷೆಯಲ್ಲಿ, ಒಕ್ಕಲಿಗನು ತಂದ ನೂರು ರೂಪಾಯಿ ಸಾಲದಲ್ಲಿ ಸಹಕಾರಿ ಸಂಘಗಳಿಂದ ಬಂದದ್ದು ಸುಮಾರು 3 ರೂಪಾಯಿ ಮಾತ್ರವೆಂದು ಕಂಡುಬಂದಿತು. ಸುಮಾರು 70 ರೂಪಾಯಿಯನ್ನು ಲೇವಾದೇವಿಗಾರರೇ ಕೊಟ್ಟಿದ್ದರು. ಅರ್ಧ ಶತಮಾನದ ದುಡಿಮೆಗೆ ನೂರಕ್ಕೆ ಮೂರು! ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು ನಮ್ಮ ಇಂದಿನ ವಿಷಯಕ್ಕೆ ನೇರವಾಗಿ ತಗಲುತ್ತದೆ. ಜರ್ಮನಿಯ ರೈಫೈಸನ್ನನ ಪದ್ಧತಿಯನ್ನು ಅನುಸರಿಸಿ ನಮ್ಮ ಹಳ್ಳಿಯ ಸಂಘಗಳಲ್ಲಿ ಅಪರಿಮಿತ ಹೊಣೆಯ ನಿಯಮವಿತ್ತು. ಒಬ್ಬನು ಸಾಲ ಮುಳುಗಿಸಿದರೆ ಉಳಿದವರ ಹೊಲಮನೆಗೆ ಆಪತ್ತು. ಇಂಥ ಸಂಘದ ಸದಸ್ಯರು ಆಸ್ತಿ ಇದ್ದವನನ್ನು ಒಳಗೆ ಕರೆದುಕೊಳ್ಳುವದೂ, ಹೊಲವಿಲ್ಲದವನನ್ನು ಬಾಗಿಲಲ್ಲಿಯೇ ನಿಲ್ಲಿಸುವದೂ ಸ್ವಾಭಾವಿಕವೇ ಸರಿ. ಯಾರಿಗೆ ಸಾಲದ ಅಗತ್ಯ ಹೆಚ್ಚೋ ಅವನೇ ಹೊರಗುಳಿದನು.

ಈ ತೊಡಕನ್ನು ನೆನಪಿನಲ್ಲಿ ಇಟ್ಟುಕೊಂಡು ಹುಕ್ಕೇರಿಗೆ ಹೋಗೋಣ. ಬೆಳಗಾವಿ ಜಿಲ್ಲೆಯ ಆ ತಾಲೂಕಿನಲ್ಲಿ 1969ರಲ್ಲಿ ಒಂದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಸ್ಥಾಪಿತವಾಯಿತು. ಅಮೇರಿಕೆಯಲ್ಲಿ 1935ರ ಸುಮಾರಿಗೆ ಹತ್ತು ಹೊಲಮನೆಗಳಲ್ಲಿ ಒಂಬತ್ತಕ್ಕೆ ವಿದ್ಯುದ್ದೀಪವಿರಲಿಲ್ಲ. ಲಾಭ ಸಾಲದೆಂದು ಖಾಸಗಿ ಕಂಪನಿಗಳು ಹಳ್ಳಿಗೆ ತಂತಿ ಎಳೆಯಲೊಲ್ಲದಾದಾಗ ಅಲ್ಲಿಯ ಒಕ್ಕಲಿಗರು ಸರಕಾರದಿಂದ ಸಾಲ ಪಡೆದು ತಮ್ಮದೇ ಸಂಘಗಳನ್ನು ಕಟ್ಟಿಕೊಂಡರು. ಇಪ್ಪತ್ತು ವರ್ಷಗಳೊಳಗೆ ಹತ್ತರಲ್ಲಿ ಒಂಬತ್ತು ಹೊಲಮನೆಗಳಲ್ಲಿ ದೀಪ ಹತ್ತಿತು. ಆ ಮಾದರಿಯನ್ನು ನಮ್ಮ ದೇಶದಲ್ಲಿ ಪರೀಕ್ಷಿಸಿ ನೋಡುವದಕ್ಕೆ ಆರಿಸಿದ ಐದು ಸಂಘಗಳಲ್ಲಿ ಹುಕ್ಕೇರಿಯದು ಒಂದು. ಈ ಸಂಘವು ವಿದ್ಯುತ್ತನ್ನು ತಾನು ಹುಟ್ಟಿಸುವದಿಲ್ಲ. ಸಗಟಾಗಿ ಕೊಂಡು, ತನ್ನ ಕಂಬ ತಂತಿಗಳ ಮೂಲಕ ಮನೆ, ಅಂಗಡಿ, ಪಂಪುಗಳಿಗೆ ಹಂಚುತ್ತದೆ. ಮೀಟರು ನೋಡುತ್ತದೆ, ಬಿಲ್ಲು ವಸೂಲು ಮಾಡುತ್ತದೆ. ದರವನ್ನು ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಗೊತ್ತುಪಡಿಸುತ್ತದೆ. ಅರ್ಧ ಶತಮಾನ ಕಳೆದರೂ ಕೆಲಸ ನಡೆದಿದೆ.

ಅದರ ಸಂಗಡವೇ ಹುಟ್ಟಿದ, ಮಹಾರಾಷ್ಟ್ರದ ಅಹಮದನಗರ ಜಿಲ್ಲೆಯ ಮುಳಾ-ಪ್ರವರಾ ಸಂಘದ ಗತಿಯು ಬೇರೆಯಾಯಿತು. ಸಗಟಾಗಿ ಕೊಂಡ ವಿದ್ಯುತ್ತಿನ ಬಾಕಿಯು ಬೆಟ್ಟದಂತೆ ಬೆಳೆದು, ಕಡೆಗೆ 2011ರಲ್ಲಿ ವಿತರಣೆಯ ಹಕ್ಕು ರಾಜ್ಯದ ಕಂಪನಿಗೆ ಹೋಯಿತು. ತಪ್ಪು ಯಾರದೆಂದು ನಾವು ಇಲ್ಲಿ ತೀರ್ಪು ಕೊಡುವದಿಲ್ಲ. ಆದರೆ ಇಂಥ ಸಂಘದ ಕಷ್ಟವೆಲ್ಲಿದೆ ಎಂಬುದು ಸ್ಪಷ್ಟವಾಗಿದೆ. ಕೊಳ್ಳುವ ದರವು ಅದರ ಕೈಯಲ್ಲಿಲ್ಲ. ಮಾರುವ ದರವೂ ಇಲ್ಲ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ಬಿಲ್ಲು ಇಲ್ಲ. ಆ ಹಣವನ್ನು ಸರಕಾರವು ತುಂಬಿಕೊಡತಕ್ಕದ್ದು. ಒಕ್ಕಲಿಗನಿಗೆ ಇದರಿಂದ ಉಪಕಾರವಾಯಿತೆಂಬುದರಲ್ಲಿ ಸಂಶಯವಿಲ್ಲ. ಆದರೂ ಸಂಘದ ಆದಾಯವು ಸದಸ್ಯನ ಕಿಸೆಯಿಂದ ಬಾರದೆ ಖಜಾನೆಯಿಂದ ಬರತೊಡಗಿದಾಗ ಸಂಘದ ಕಣ್ಣು ಸರ್ವಸಾಧಾರಣ ಸಭೆಯ ಕಡೆಗೆ ಇರುವದೋ ರಾಜಧಾನಿಯ ಕಡೆಗೆ ಇರುವದೋ? ಬಿಲ್ಲು ಕೊಡದವನು ಲೆಕ್ಕ ಕೇಳುವದಕ್ಕೂ ಹಿಂಜರಿಯುವನು.

ಇನ್ನು ಕಸದ ಮಾತು. ವಿದ್ಯುತ್ತಿನಷ್ಟು ಘನವಾದ ವಿಷಯವಲ್ಲವೆಂದು ಕೆಲವರು ಮೂಗು ಮುರಿದಾರು. ಮೂಗು ಮುಚ್ಚಿಕೊಂಡಾದರೂ ಕೇಳಬೇಕು. ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕದ ಅನೇಕ ಗ್ರಾಮ ಪಂಚಾಯತಿಗಳು ಒಣಕಸ ಹಸಿಕಸಗಳನ್ನು ಕೂಡಿಸಿ ವಿಂಗಡಿಸುವ ಕೆಲಸವನ್ನು ಸ್ತ್ರೀಯರ ಸ್ವಸಹಾಯ ಸಂಘಗಳ ಒಕ್ಕೂಟಗಳಿಗೆ ಕರಾರಿನ ಮೇಲೆ ಒಪ್ಪಿಸಿವೆ. ಸ್ವಚ್ಛವಾಹಿನಿಯೆಂಬ ಬಂಡಿಯನ್ನು ನಡೆಸುವದನ್ನು ಹಳ್ಳಿಯ ಹೆಣ್ಣುಮಕ್ಕಳೇ ಕಲಿತಿರುವರು. ಉಳಿತಾಯಕ್ಕೆಂದು ಕೂಡಿದ ಸಂಘವು ಊರಿನ ಸೇವೆಗೆ ನಿಂತದ್ದು ನಿಜವಾಗಿಯೂ ಹೊಸ ಮಾತು. ಮನೆಯಾಕೆಯು ಬಂಡಿಯವಳನ್ನು ಹೆಸರಿನಿಂದ ಬಲ್ಲಳು. ಬಂಡಿ ಬಾರದ ದಿನ ಯಾರನ್ನು ಕೇಳಬೇಕೆಂಬುದು ಅವಳಿಗೆ ಗೊತ್ತು.

ಆದರೆ ಆ ಕರಾರಿನಲ್ಲಿ ಏನು ಬರೆದಿದೆ ಎಂದು ನಾವು ಕೇಳುವೆವು, ವಕೀಲರ ಚಟವೆನ್ನಿರಿ. ಪುಣೆಯಲ್ಲಿ ಕಸ ಆಯುವವರ ಸಂಘಟನೆಯು 1993ರಲ್ಲಿ ಹುಟ್ಟಿತು. ಅದರಿಂದ ಮುಂದೆ ಬೆಳೆದ ಸ್ವಚ್ಛ ಎಂಬ ಸಹಕಾರಿ ಸಂಸ್ಥೆಯು 2008ರಲ್ಲಿ ಅಲ್ಲಿಯ ನಗರಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡಿತು. ಅಲ್ಲಿ ದುಡಿಯುವವರೇ ಒಡೆಯರು. ಪ್ರತಿ ಮನೆಯವರು ತಿಂಗಳ ಶುಲ್ಕವನ್ನು ನೇರವಾಗಿ ದುಡಿಯುವವಳ ಕೈಗೆ ಕೊಡುತ್ತಾರೆ. ಇಷ್ಟು ಭದ್ರವಾದ ಏರ್ಪಾಡಿಗೂ ಕರಾರಿನ ಅವಧಿ ಮುಗಿದಾಗ ಗಂಡಾಂತರವೊದಗಿತು. 2020-21ರಲ್ಲಿ ಅಲ್ಪಾವಧಿಯ ವಿಸ್ತರಣೆಗಳ ಮೇಲೆಯೇ ಅದು ಜೀವ ಹಿಡಿದುಕೊಂಡಿರಬೇಕಾಯಿತು. ಎಲ್ಲಾದರೂ ಅಷ್ಟೆ: ತಿಂಗಳು ತಿಂಗಳಿಗೆ ಕರಾರು ನೀಡುವ ಪಂಚಾಯತಿಗೆ ಬೇಕಾದದ್ದು ಸಂಘವಲ್ಲ, ಅಗ್ಗದ ಕೂಲಿ. ಸೇವೆಯೆಂಬ ಸವಿಮಾತಿನಿಂದ ಹೆಣ್ಣುಮಕ್ಕಳ ಸಂಬಳವನ್ನು ಇಳಿಸುವದು ನಮಗೆ ಸಮ್ಮತವಲ್ಲ.

ಕಾಯಿದೆಯ ಮಾತಿಗೆ ಬರೋಣ. 2011ರ 97ನೆಯ ತಿದ್ದುಪಡಿಯಿಂದ ಸಹಕಾರಿ ಸಂಘವನ್ನು ಕಟ್ಟುವದು ರಾಜ್ಯಘಟನೆಯ 19ನೆಯ ಕಲಮಿನಲ್ಲಿ ಮೂಲಭೂತ ಹಕ್ಕಾಯಿತು. ಆ ತಿದ್ದುಪಡಿಯಲ್ಲಿಯೇ ಸಂಘಗಳ ಚುನಾವಣೆ, ಲೆಕ್ಕತಪಾಸಣೆ ಮೊದಲಾದವುಗಳ ಬಗ್ಗೆ ಇದ್ದ ಭಾಗವು ರಾಜ್ಯದೊಳಗಿನ ಸಂಘಗಳಿಗೆ ಅನ್ವಯಿಸಲಾರದೆಂದು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ತೀರ್ಮಾನಿಸಿತು. ರಾಜ್ಯಗಳ ಒಪ್ಪಿಗೆಯಿಲ್ಲದೆ ರಾಜ್ಯಗಳ ಅಧಿಕಾರಕ್ಕೆ ಕೈಹಾಕಿದ್ದೇ ಅದಕ್ಕೆ ಕಾರಣ. ಅಂದ ಬಳಿಕ ಈ ಸಂಘಗಳ ಕಾಯಿದೆಯನ್ನು ತಿದ್ದುವ ಹೊಣೆಯು ಬೆಂಗಳೂರಿನ ಶಾಸನಸಭೆಯದೇ. ದಿಲ್ಲಿಯ ಕಡೆಗೆ ಬೆರಳು ತೋರಿಸಿ ಕೂಡುವದಕ್ಕೆ ನೆಪವಿಲ್ಲ. 1997ರ ಸೌಹಾರ್ದ ಸಹಕಾರಿ ಕಾಯಿದೆಯಿಂದ ಸರಕಾರದ ಹಿಡಿತವನ್ನು ಸಡಲಿಸುವದಕ್ಕೆ ಈ ಸಭೆಯೇ ಒಮ್ಮೆ ಮುಂದಾಗಿದೆ.

ಕಣಗಿನಹಾಳದ ಬಾಗಿಲಲ್ಲಿ ನಿಂತಿದ್ದ ಆ ಹೊಲವಿಲ್ಲದವನನ್ನು ನಾವು ಮರೆತಿಲ್ಲ. ಸಂಘವು ಉತ್ತರ ಕೊಡಬೇಕಾದದ್ದು ತನ್ನ ಸದಸ್ಯರಿಗೆ; ಆದರೆ ದೀಪ, ನೀರು, ನೈರ್ಮಲ್ಯಗಳು ಊರಿನ ಪ್ರತಿಯೊಬ್ಬನಿಗೂ ಸಲ್ಲತಕ್ಕವು. ಶೇರು ಕೊಳ್ಳಲಾರದವನು, ಬಾಡಿಗೆಯ ಮನೆಯಲ್ಲಿರುವವನು, ಊರಹೊರಗಿನ ಕೇರಿಯವನು ಯಾರನ್ನು ಕೇಳಬೇಕು? ಇಂದಿಗೂ ಎಷ್ಟೋ ಹಳ್ಳಿಗಳಲ್ಲಿ ಸಂಘದ ಮಂಡಳವೆಂದರೆ ಎರಡು ಮೂರು ದೊಡ್ಡ ಮನೆತನಗಳ ಪಡಸಾಲೆ. ಆ ಪಡಸಾಲೆಗೆ ನೀರಿನ ಕೀಲಿಯನ್ನು ಕೊಟ್ಟು ಜನರ ಕೈಗೆ ಅಧಿಕಾರ ಬಂದಿತೆಂದು ಸಾರಿದರೆ ನಂಬುವವರಾರು? ಆದ್ದರಿಂದ ಸಂಘಕ್ಕೆ ಸೇವೆಯನ್ನು ಒಪ್ಪಿಸಿದ ಮಾತ್ರಕ್ಕೆ ಪಂಚಾಯತಿಯ ಹೊಣೆ ತೀರುವದಿಲ್ಲ. ಸದಸ್ಯನಲ್ಲದವನಿಗೂ ಸದಸ್ಯನಷ್ಟೇ ಸೇವೆ, ಅದೇ ದರ, ಮತ್ತು ದೂರು ಕೊಡುವ ಹಕ್ಕು ಎಂದು ಕರಾರಿನಲ್ಲಿಯೇ ಬರೆದಿರಬೇಕು. ಸಂಘದ ಜಮಾಖರ್ಚನ್ನು ಸರ್ವಸಾಧಾರಣ ಸಭೆಯಲ್ಲಿ ಓದಿದರೆ ಸಾಲದು; ಗ್ರಾಮಸಭೆಯಲ್ಲಿಯೂ ಓದಬೇಕು. ಅಲ್ಲಿ ಶೇರಿಲ್ಲದವನಿಗೂ ಮಾತಿನ ಅಧಿಕಾರವಿದೆ. ಅವಧಿಯು ಐದು ವರ್ಷಕ್ಕೆ ಕಡಿಮೆಯಿರಲಾಗದು. ಸರಕಾರವು ತುಂಬಬೇಕಾದ ಹಣ ತಡವಾದರೆ ಬಡ್ಡಿಯೂ ಸಲ್ಲಬೇಕು. ಈ ಕೆಲವು ವಾಕ್ಯಗಳುಳ್ಳ ಕರಾರಿನ ಕರಡೊಂದನ್ನು ನಾವು ಸಿದ್ಧಪಡಿಸಿ ಸಭಾಧ್ಯಕ್ಷರ ಮೇಜಿನ ಮೇಲೆ ಇರಿಸಿದ್ದೇವೆ. ನಿಮ್ಮ ನಿಮ್ಮ ಊರಿನ ಪಂಚಾಯತಿಯ ಕರಾರನ್ನು ತರಿಸಿಕೊಂಡು ಅದರೊಡನೆ ಸಾಲಿಗೆ ಸಾಲು ಒರೆಹಚ್ಚಿ ನೋಡಬೇಕೆಂದು ಬಿನ್ನವಿಸುತ್ತೇವೆ.