ಮುಂಗಡವೂ ಜೀತವೂ
(ಭಾಷಣದ ಪಾಠ)



ಯುಗಾದಿಗೆ ಮುಂಗಡ ಕೊಟ್ಟು ವರ್ಷದ ಆಳು ಗೊತ್ತುಮಾಡುವ ರೂಢಿ ನಮ್ಮ ಕಡೆ ಹಳೆಯದು. ಅದೆಲ್ಲವೂ ತಪ್ಪೆಂದು ಹೇಳಲು ನಾನು ಬಂದಿಲ್ಲ. ಆ ಮುಂಗಡ ಯಾವಾಗ ಜೀತವಾಗುತ್ತದೆಂಬುದನ್ನು ಕೊಡುವವರೂ ತೆಗೆದುಕೊಳ್ಳುವವರೂ ತಿಳಿದಿರಬೇಕು.

ಇಂಗ್ಲಿಷರ ಸೀಮೆಯಲ್ಲಿ ಗುಲಾಮಗಿರಿಗೆ ಕೋರ್ಟಿನ ಮಾನ್ಯತೆ 1843ರಲ್ಲಿಯೇ ಹೋಯಿತು. ಆಗ ಗುಲ್ಬರ್ಗಾ ನಿಜಾಮರ ರಾಜ್ಯದಲ್ಲಿತ್ತು. ಆ ಕಾಯ್ದೆ ಇಲ್ಲಿಗೆ ತಲುಪಲಿಲ್ಲ. ಸಾಲಕ್ಕಾಗಿ ದುಡಿಯುವವನನ್ನು ನಿಜಾಮರ ಸೀಮೆಯಲ್ಲಿ ಭಗೇಲಾ ಎನ್ನುತ್ತಿದ್ದರು. ಮದುವೆಗೆಂದು ತಂದ ಸಾಲಕ್ಕೆ ತಂದೆ ದುಡಿದ, ಬಡ್ಡಿ ತೀರಲಿಲ್ಲ, ಮಗ ದುಡಿದ. ನಿಜಾಮರ ಸರ್ಕಾರವೂ ಭಗೇಲಾ ಕರಾರುಗಳಿಗೆ ಕಟ್ಟಳೆ ಮಾಡಿತು. ಆದರೆ ಲೆಕ್ಕದ ಪುಸ್ತಕ ಸಾಹುಕಾರನ ಮನೆಯಲ್ಲಿರುವಾಗ ಅಕ್ಷರ ಬಾರದವನಿಗೆ ಅದರಿಂದೇನು ಬಂತು? 1950ರ ಸಂವಿಧಾನದ 23ನೆಯ ಅನುಚ್ಛೇದ ಬಿಟ್ಟಿ ದುಡಿಮೆಯನ್ನು ನಿಷೇಧಿಸಿತು. ಸಾಲ ಮಾತ್ರ ಹಾಗೆಯೇ ನಿಂತಿತು.

ಆ ಸಾಲಕ್ಕೆ ಕೈ ಹಾಕಿದ್ದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ. 1975ನೆಯ ಅಕ್ಟೋಬರ್ 25ರಿಂದಲೇ ಅದು ಜಾರಿಯೆಂದು ಲೆಕ್ಕ. ಜೀತದ ಸಾಲ ತೀರಿಸಬೇಕಾಗಿಲ್ಲ, ಅದು ಅಳಿದಂತೆಯೇ. ಅಳಿದ ಸಾಲವನ್ನು ವಸೂಲು ಮಾಡಿಕೊಂಡವನಿಗೆ 3 ವರ್ಷದವರೆಗೆ ಸಜೆ ಆದೀತು. ಒತ್ತೆಯಿಟ್ಟ ಒಡವೆ, ಹೊಲ ಹಿಂದಕ್ಕೆ ಬರಬೇಕು. ಇರಲು ಕೊಟ್ಟ ಗುಡಿಸಲಿನಿಂದ ಹೊರಹಾಕುವಂತಿಲ್ಲ. ಇನ್ನೊಂದು ದೊಡ್ಡ ಮಾತಿದೆ: ಇದು ಜೀತದ ಸಾಲವೆಂದು ಆಳು ಹೇಳಿದರೆ, ಅಲ್ಲವೆಂದು ರುಜುವಾತು ಮಾಡಬೇಕಾದವನು ಸಾಲ ಕೊಟ್ಟವನು. ಪುಸ್ತಕದ ಬಲ ಅಲ್ಲಿಗೆ ಮುರಿಯಿತು.

ಹಾಗಾದರೆ ಜೀತ ಯಾವುದು? ಸಾಲದ ನೆಪದಲ್ಲಿ ಸರ್ಕಾರ ಗೊತ್ತುಪಡಿಸಿದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವುದು, ಬೇರೆ ಕಡೆ ದುಡಿಯಲು ಬಿಡದಿರುವುದು, ಊರು ಬಿಟ್ಟು ಹೋಗದಂತೆ ತಡೆಯುವುದು. ಇವುಗಳಲ್ಲಿ ಒಂದಿದ್ದರೂ ಸಾಕು. ಸರಪಳಿ ಬೇಕಿಲ್ಲ. ನಮ್ಮ ಜಿಲ್ಲೆಯಿಂದ ಮುಂಬಯಿ, ಪುಣೆ, ಬೆಂಗಳೂರಿಗೆ ಗುಳೆ ಹೋಗುವವರು ಮೇಸ್ತ್ರಿಯ ಕೈಯಿಂದ ಹಣ ಹಿಡಿಯುವ ಮೊದಲು ಇದನ್ನು ನೆನೆಯಲಿ.

ದೂರನ್ನು ತಹಶೀಲ್ದಾರರಿಗೆ ಇಲ್ಲವೆ ಜಿಲ್ಲಾಧಿಕಾರಿಗಳಿಗೆ ಕೊಡಬಹುದು. 2016ರಲ್ಲಿ ಗೊತ್ತುಮಾಡಿದ ಪುನರ್ವಸತಿ ನೆರವು ಗಂಡಾಳಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ ರೂಪಾಯಿ. ಆದರೆ ಪೂರ್ತಿ ಹಣವನ್ನು ತಪ್ಪಿತಸ್ಥನ ಶಿಕ್ಷೆಗೆ ಗಂಟುಹಾಕಿದ್ದು ನನಗೆ ಸರಿಕಾಣದು. ಬಿಡುಗಡೆಯಾದವನ ಮನೆಯಲ್ಲಿ ಅಂದು ಸಂಜೆಯೇ ಒಲೆ ಉರಿಯಬೇಕಲ್ಲವೇ? ಬರಿಗೈಯಲ್ಲಿ ಬಂದವನು ಮತ್ತೆ ಅದೇ ಬಾಗಿಲಿಗೆ ಹೋದಾನು.

ಆಳು ಇಡುವ ರೈತರಲ್ಲಿ ಒಂದು ವಿನಂತಿ: ಮುಂಗಡದ ಲೆಕ್ಕವನ್ನು ಎರಡು ಪ್ರತಿ ಬರೆದು ಒಂದನ್ನು ಆಳಿಗೆ ಕೊಡಿರಿ. ಕೂಲಿ ಪೂರ್ತಿ ಸಲ್ಲಿಸಿರಿ. ನಡುವೆ ಬಿಟ್ಟುಹೋಗುತ್ತೇನೆಂದರೆ ತಡೆಯಬೇಡಿರಿ; ಅವನ ಬದಲು ಮಗನನ್ನು ಕಳಿಸೆಂದು ಎಂದಿಗೂ ಕೇಳಬೇಡಿರಿ.